ತಾರಸಿಯಿಂದ ನೀಹಾರಿಕೆ: ಫಿಲ್ಟರ್ ಕೊಳ್ಳುವುದು ಕೊನೆಗೆ

ಪ್ರಶ್ನೆ: ಊರು ಧಾರವಾಡ, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ 130 ಮಿ.ಮೀ. ನ್ಯೂಟೋನಿಯನ್ (ಕನ್ನಡಿಯ) ದೂರದರ್ಶಕ ಇಟ್ಟುಕೊಂಡಿದ್ದೇನೆ. ಫೋಕಲ್ ಲೆಂತ್ 650 ಮಿ.ಮೀ., ಮೌಂಟ್ ಈಕ್ವಟೋರಿಯಲ್, ಒಂದು ಅಕ್ಷಕ್ಕೆ ಮೋಟಾರ್ ಇದೆ. ಐಪೀಸ್‌ನಲ್ಲಿ ಎಲ್ಲ ಸ್ಪಷ್ಟ. ಹಳೆಯ ಡಿಎಸ್‌ಎಲ್‌ಆರ್ ಜೋಡಿಸಿದರೆ ಮಾತ್ರ ಫೋಕಸ್ ಸಿಗುವುದೇ ಇಲ್ಲ. ಬಾರ್ಲೋ (ಬಿಂಬ ಹಿಗ್ಗಿಸುವ ಲೆನ್ಸ್) ಹಾಕಿದರೆ ಸಿಗುತ್ತದೆ, ಆದರೆ 30 ಸೆಕೆಂಡಿಗೆ ನಕ್ಷತ್ರಗಳು ಗೆರೆಯಾಗುತ್ತವೆ, ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ. ಉತ್ತರಕ್ಕೆ ನೀರಿನ ಟ್ಯಾಂಕ್ ಅಡ್ಡ, ಧ್ರುವ ನಕ್ಷತ್ರ ಕಾಣುವುದಿಲ್ಲ. ಒಳ್ಳೆಯ ಫಿಲ್ಟರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ನಿಮ್ಮ ಮೂರು ತೊಂದರೆಗಳಲ್ಲಿ ಫಿಲ್ಟರ್ ಮುಟ್ಟುವುದು ಒಂದನ್ನೇ, ಅದೂ ಅರ್ಧದಷ್ಟು. ಫೋಕಸ್, ಅಕ್ಷ, ಆಕಾಶ, ಈ ಕ್ರಮದಲ್ಲೇ ಬಿಡಿಸಿಕೊಳ್ಳಿ. ಮೊದಲೆರಡು ಸರಿಯಾಗುವ ತನಕ ಹಣ ಬಿಚ್ಚಬೇಡಿ.

ಟಿ-ರಿಂಗ್ (ಕ್ಯಾಮೆರಾವನ್ನು ದೂರದರ್ಶಕಕ್ಕೆ ಕೂಡಿಸುವ ಬಳೆ) ಹಾಕಿದ ಮೇಲೆ ಕ್ಯಾಮೆರಾದ ಸೆನ್ಸರ್ ಆ ರಿಂಗಿನ ಮುಖದಿಂದ 55 ಮಿ.ಮೀ. ಹಿಂದೆ ಕೂರುತ್ತದೆ. ಕಣ್ಣಿನಿಂದ ನೋಡಲೆಂದೇ ಮಾಡಿದ ನ್ಯೂಟೋನಿಯನ್‌ನಲ್ಲಿ ಬಿಂಬ ಅಷ್ಟು ದೂರ ಹೊರಗೆ ಬರುವುದಿಲ್ಲ. ಎಷ್ಟು ಕೊರತೆ ಎಂದು ಅಳೆಯುವುದು ಸುಲಭ. ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ, ಫೋಕಸರ್ ಪೂರ್ತಿ ಒಳಗೆಳೆದು, ಅದರ ಕೊಳವೆಯ ಹಿಂದೆ ಬೆಣ್ಣೆ ಕಾಗದ ಹಿಡಿಯಿರಿ. ಚಂದ್ರನ ಬಿಂಬ ಚೂಪಾಗುವ ಜಾಗಕ್ಕೂ ಕೊಳವೆಯ ತುದಿಗೂ ಇರುವ ಅಂತರ 55 ಮಿ.ಮೀ. ಮತ್ತು ಅಡಾಪ್ಟರ್ ಅಂಚಿನ ದಪ್ಪ ಸೇರಿದ ಮೊತ್ತಕ್ಕಿಂತ ಎಷ್ಟು ಕಡಿಮೆಯೋ, ಮುಖ್ಯ ಕನ್ನಡಿಯನ್ನು ಅಷ್ಟು ಮೇಲಕ್ಕೆ ತರಬೇಕು. ಸಾಮಾನ್ಯವಾಗಿ 25ರಿಂದ 30 ಮಿ.ಮೀ. ಸಾಕು. ಕನ್ನಡಿಯ ಹಿಂದಿನ ಮೂರು ಬೋಲ್ಟ್‌ಗಳ ಬದಲು ಉದ್ದನೆಯವನ್ನೂ ಗಟ್ಟಿ ಸ್ಪ್ರಿಂಗ್‌ಗಳನ್ನೂ ಹಾಕಿ. ಕೆಲಸ ಮುಗಿದ ಮೇಲೆ ಕಾಲಿಮೇಶನ್ (ಕನ್ನಡಿಗಳನ್ನು ನೇರ ಸಾಲಿಗೆ ತರುವುದು) ಮಾಡಲೇಬೇಕು. ಎಫ್/5ರಲ್ಲಿ ಸ್ವಲ್ಪ ತಪ್ಪಿದರೂ ನಕ್ಷತ್ರಕ್ಕೆ ಬಾಲ ಬರುತ್ತದೆ. ಬಾರ್ಲೋ ಇದಕ್ಕೆ ಪರಿಹಾರವಲ್ಲ. ಎರಡು ಪಟ್ಟಿನ ಬಾರ್ಲೋ ನಿಮ್ಮ ದೂರದರ್ಶಕವನ್ನು 1300 ಮಿ.ಮೀ., ಎಫ್/10 ಮಾಡುತ್ತದೆ. ಪ್ರತಿ ಪಿಕ್ಸೆಲ್‌ಗೆ ಬೀಳುವ ಬೆಳಕು ಕಾಲು ಭಾಗಕ್ಕಿಳಿಯುತ್ತದೆ, ಮೌಂಟಿನ ತಪ್ಪು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ನಿಮ್ಮ ಗೆರೆಗಳಲ್ಲಿ ಅರ್ಧ ಅದರ ಕೊಡುಗೆ.

ಉಳಿದರ್ಧ ಮೌಂಟಿನ ಅಕ್ಷದ್ದು, ಅದು ಆಕಾಶದ ಧ್ರುವಕ್ಕೆ ನೇರ ಗುರಿಯಿಟ್ಟಿರಬೇಕು. ಭೂಮಿಯ ಸುತ್ತಾಟದಿಂದ ಆಕಾಶ ಸೆಕೆಂಡಿಗೆ 15 ಆರ್ಕ್ ಸೆಕೆಂಡ್ (ಒಂದು ಡಿಗ್ರಿಗೆ 3600) ಸರಿಯುತ್ತದೆ. 650 ಮಿ.ಮೀ. ಫೋಕಲ್ ಲೆಂತ್, 4.3 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಸುಮಾರು 1.36 ಆರ್ಕ್ ಸೆಕೆಂಡ್. ಅಂದರೆ ಮೋಟಾರ್ ನಿಂತ ಒಂದೇ ಸೆಕೆಂಡಿನಲ್ಲಿ ನಕ್ಷತ್ರ 11 ಪಿಕ್ಸೆಲ್ ದಾಟುತ್ತದೆ. ಮೋಟಾರ್ ಓಡುತ್ತಿದ್ದರೂ ಅಕ್ಷ ಓರೆಯಿದ್ದರೆ ಅದೇ ಗತಿ, ನಿಧಾನವಾಗಿ ಅಷ್ಟೆ.

ಧ್ರುವ ಕಾಣದಿದ್ದರೆ, ನಕ್ಷತ್ರ ಜಾರುವುದನ್ನು ನೋಡಿ ಅಕ್ಷ ಸರಿಪಡಿಸುವ ಡ್ರಿಫ್ಟ್ ವಿಧಾನವಿದೆ. ಪುಣೆಯ ಅಕ್ಷಾಂಶ 18.5 ಡಿಗ್ರಿ, ಅಕ್ಷದ ಏರಿಕೆಯನ್ನು ಅಷ್ಟಕ್ಕೆ ಇಟ್ಟುಕೊಳ್ಳಿ. ಉತ್ತರ ದಿಕ್ಕಿಗೆ ಫೋನಿನ ದಿಕ್ಸೂಚಿಯನ್ನು ಅಂದಾಜಿಗಷ್ಟೇ ನಂಬಿ, ಸ್ಲ್ಯಾಬ್ ಒಳಗಿನ ಕಬ್ಬಿಣ ಅದನ್ನು ತಪ್ಪಿಸುತ್ತದೆ. ಈಗ ದಕ್ಷಿಣದಲ್ಲಿ, ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆಯ ಹತ್ತಿರ, ಆಕಾಶದ ವಿಷುವದ್ವೃತ್ತದ ಬಳಿ ಇರುವ ನಕ್ಷತ್ರವೊಂದನ್ನು ಅಡ್ಡಗೆರೆಯ ಐಪೀಸ್‌ನ ನಡುವೆ ಇಟ್ಟು ಐದು ನಿಮಿಷ ಕಾಯಿರಿ. ಟ್ಯೂಬನ್ನು ಬೆರಳಿನಿಂದ ಉತ್ತರಕ್ಕೆ ಕೊಂಚ ಒತ್ತಿದಾಗ ನಕ್ಷತ್ರ ಸರಿಯುವ ಕಡೆಯೇ ಐಪೀಸ್‌ನ ದಕ್ಷಿಣ. ಪೂರ್ವ-ಪಶ್ಚಿಮ ಚಲನೆ ಲೆಕ್ಕಕ್ಕಿಲ್ಲ, ಅದು ಗೇರಿನದು. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅದು ಸರಿಯಾದ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ಇನ್ನೊಂದು ನಕ್ಷತ್ರ ಹಿಡಿಯಿರಿ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಮತ್ತೆ ಮೊದಲನೆಯದಕ್ಕೆ ಬಂದು ಒಮ್ಮೆ ನೋಡಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಟ್ರೈಪಾಡ್ ಕಾಲುಗಳ ಜಾಗಕ್ಕೆ ನೆಲದಲ್ಲಿ ಪೇಂಟಿನ ಗುರುತು ಹಾಕಿಟ್ಟರೆ ಮುಂದಿನ ರಾತ್ರಿ ಹತ್ತು ನಿಮಿಷದ ಕೆಲಸ. ಸ್ಲ್ಯಾಬಿನ ನಡುವಿಗಿಂತ ತೊಲೆ ಅಥವಾ ಕಂಬದ ಮೇಲಿನ ಜಾಗ ಒಳ್ಳೆಯದು, ನಡೆದಾಟದ ಅದುರು ಕಡಿಮೆ.

ಇನ್ನು ಆಕಾಶ. ಹಳೆಯ ಲೈಟ್ ಪೊಲ್ಯೂಶನ್ ಫಿಲ್ಟರ್‌ಗಳು ಸೋಡಿಯಂ ದೀಪದ ಹಳದಿಯನ್ನು ತಡೆಯಲು ಮಾಡಿದವು. ಬೀದಿಯ ಎಲ್‌ಇಡಿ ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ, ಅಲ್ಲಿ ಅವು ಸೋಲುತ್ತವೆ. ಹೈಡ್ರೋಜನ್‌ನ 656 ಮತ್ತು ಆಮ್ಲಜನಕದ 501 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಕೆಲಸ ಮಾಡುತ್ತದೆ, ಆದರೆ ತಾನೇ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಮಾತ್ರ. ಕೃತ್ತಿಕೆಯ ನೀಲಿ ಮಸುಕು ನಕ್ಷತ್ರದ ಬೆಳಕಿನ ಪ್ರತಿಫಲನ. ನಕ್ಷತ್ರಗುಚ್ಛಗಳ ಬೆಳಕೂ ಎಲ್ಲ ಬಣ್ಣದ್ದು. ಅವಕ್ಕೆ ಈ ಫಿಲ್ಟರ್ ಹಾಕಿದರೆ ನಷ್ಟವೇ. ಅಲ್ಲದೆ ಮಾರ್ಪಡಿಸದ ಡಿಎಸ್‌ಎಲ್‌ಆರ್ 656ರ ಕೆಂಪನ್ನು ಒಳಗೇ ಬಹುಪಾಲು ಸೋಸಿಬಿಡುತ್ತದೆ. ರೋಸೆಟ್ ನೀಹಾರಿಕೆಯನ್ನು ಸದ್ಯಕ್ಕೆ ಬಿಡಿ.

ಮಹಾವ್ಯಾಧದ ಎಂ42 ನೀಹಾರಿಕೆಯಿಂದ ಆರಂಭಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅದು ಪುಣೆಯಲ್ಲಿ 66 ಡಿಗ್ರಿ ಎತ್ತರಕ್ಕೇರುತ್ತದೆ. ರಾ ಫಾರ್ಮ್ಯಾಟ್, ಐಎಸ್‌ಒ 800, 30 ಸೆಕೆಂಡಿನ 120 ಚಿತ್ರ. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಗುಡ್ಡ ಎಡ ಅಂಚಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಲಿ. ಅದನ್ನೂ ದಾಟಿದರೆ ಸಮಯ ಇಳಿಸಿ, ಸಂಖ್ಯೆ ಏರಿಸಿ. ನಡುವಿನ ನಾಲ್ಕು ನಕ್ಷತ್ರಗಳು ಸುಟ್ಟುಹೋಗುತ್ತವೆ, ಅವಕ್ಕಾಗಿ 5 ಸೆಕೆಂಡಿನ 30 ಚಿತ್ರ ಬೇರೆ. ಗೇರಿನ ಏರುಪೇರಿನಿಂದ ಕೆಲವು ಚಿತ್ರ ಕೆಡುತ್ತವೆ, ಎಸೆಯಿರಿ. ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯದ 25 ಡಾರ್ಕ್‌ಗಳನ್ನು (ಸೆನ್ಸರಿನ ಕಲೆ ಕಳೆಯುವ ಕಪ್ಪು ಚಿತ್ರ) ಆ ರಾತ್ರಿಯ ಚಳಿಯಲ್ಲೇ ತೆಗೆಯಿರಿ. ಟ್ಯೂಬಿನ ಬಾಯಿಗೆ ಬಿಳಿ ಬನಿಯನ್ ಬಿಗಿದು, ಫೋಕಸ್ ಮುಟ್ಟದೆ, ಕ್ಯಾಮೆರಾ ತಿರುಗಿಸದೆ, ಮುಂಜಾವಿನ ಆಕಾಶದಲ್ಲಿ 25 ಫ್ಲಾಟ್ (ಸಮ ಬೆಳಕಿನ ಚಿತ್ರ). ಕನ್ನಡಿ ಮೇಲೆತ್ತಿದ್ದರಿಂದ ಮೂಲೆಗಳು ಕೊಂಚ ಮಬ್ಬಾಗುತ್ತವೆ, ಅದನ್ನು ಸರಿಪಡಿಸುವುದು ಫ್ಲಾಟ್‌ಗಳೇ. ಚಿತ್ರಗಳನ್ನು ಒಂದಾಗಿಸಲು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಸಾಕು, ಎರಡೂ ಉಚಿತ. ನಾಯ್ಸ್ ಅರ್ಧವಾಗಬೇಕಾದರೆ ಒಟ್ಟು ಸಮಯ ನಾಲ್ಕು ಪಟ್ಟಾಗಬೇಕು. ನಗರದಲ್ಲಿ ಇದಕ್ಕೆ ಅಡ್ಡದಾರಿ ಇಲ್ಲ.

ಬೇಸಿಗೆಯಲ್ಲಿ ಒಮೇಗಾ ಸೆಂಟಾರಿ ತಪ್ಪಿಸಬೇಡಿ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆಗೆ ದಕ್ಷಿಣದಲ್ಲಿ 24 ಡಿಗ್ರಿ ಎತ್ತರದಲ್ಲಿರುತ್ತದೆ. ಯುರೋಪಿನ ಬಹುಪಾಲು ಕಡೆ ಕಾಣದ ಗುಚ್ಛ ಅದು, ನಿಮಗೆ ಟೆರೇಸ್ ಮೇಲೆಯೇ ಸಿಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಡೊಂಬಿವಿಲಿಯಲ್ಲಿದ್ದೇವೆ. 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಕನ್ನಡಿ ದೂರದರ್ಶಕ) ಇದೆ, ಮೋಟಾರ್ ಇಲ್ಲ. ನೀಹಾರಿಕೆಯ ಫೋಟೋ ಸಾಧ್ಯವೇ?

ಉತ್ತರ: ಅದನ್ನು ಕಣ್ಣಿಗೇ ಮೀಸಲಿಡಿ. ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿ ಟ್ರೈಪಾಡ್ ಮೇಲಿಡಿ: ಎಫ್/2.8, ಐಎಸ್‌ಒ 1600, 4 ಸೆಕೆಂಡಿನ 200 ಚಿತ್ರ, ಹತ್ತು ನಿಮಿಷಕ್ಕೊಮ್ಮೆ ಗುರಿಯನ್ನು ನಡುವಿಗೆ ತನ್ನಿ. ಕೃತ್ತಿಕೆ, ಪುಷ್ಯದ ಎಂ44, ವೃಶ್ಚಿಕದ ಬಾಲದ ಬಳಿಯ ಎಂ7 ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಮಡಗಾಂವ್‌ನಲ್ಲಿ 80 ಮಿ.ಮೀ. ರಿಫ್ರ್ಯಾಕ್ಟರ್ (ಲೆನ್ಸಿನ ದೂರದರ್ಶಕ) ಬಳಸುತ್ತೇನೆ. ಅರ್ಧ ಗಂಟೆಯಲ್ಲೇ ಚಿತ್ರ ಮಂಕಾಗುತ್ತದೆ. ಫೋಕಸ್ ಸರಿಯುತ್ತಿದೆಯೇ?

ಉತ್ತರ: ಫೋಕಸ್ ಸರಿದರೆ ನಕ್ಷತ್ರ ಉಬ್ಬಿ ಬಿಲ್ಲೆಯಾಗುತ್ತದೆ. ಚುಕ್ಕಿ ಚುಕ್ಕಿಯಾಗಿಯೇ ಇದ್ದು ಸುತ್ತ ಪ್ರಭೆ ಮೂಡಿ ಮಂಕಾದರೆ ಅದು ಲೆನ್ಸಿನ ಮೇಲೆ ಕೂತ ಇಬ್ಬನಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಲೆನ್ಸಿನ ಮುಂದೆ ಕನಿಷ್ಠ 12 ಸೆಂ.ಮೀ. ಚಾಚುವ ಕೊಳವೆ ಹಾಕಿ, ಲೆನ್ಸಿನ ಸುತ್ತ 12 ವೋಲ್ಟ್‌ನ ಹೀಟರ್ ಪಟ್ಟಿ ಸುತ್ತಿ, ಇಬ್ಬನಿ ಬಿದ್ದ ಮೇಲಲ್ಲ, ಆರಂಭದಿಂದಲೇ ಚಾಲೂ ಮಾಡಿ. ಬಟ್ಟೆಯಿಂದ ಒರೆಸಬೇಡಿ, ಕೋಟಿಂಗ್ ಗೀಚುತ್ತದೆ. ಒದ್ದೆಯಿರುವಾಗ ಮುಚ್ಚಳ ಹಾಕಿಟ್ಟರೆ ಗೋವಾದ ಹವೆಯಲ್ಲಿ ಫಂಗಸ್ ಹಿಡಿಯುತ್ತದೆ. ಒಳಗೆ ತಂದು, ಬಾಯಿ ಕೆಳಮುಖವಾಗಿಟ್ಟು ಪೂರ್ತಿ ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಇರುವ ಡಬ್ಬಿಗೆ ಸೇರಿಸಿ.