ಹುಣ್ಣಿಮೆ ಪೂಜೆಗೆ ಆಕೆ ಬರಬಹುದಾ?

ಪ್ರಶ್ನೆ: ಅಕ್ಕಾರ, ನಾನು ಧಾರವಾಡದಾಕಿ, 46 ವರ್ಷ, ಸ್ಯಾನ್ ಹೋಸೆಗೆ ಬಂದು 15 ವರ್ಷ ಆತು. ಮೂರು ವರ್ಷದ ಹಿಂದ ಗರ್ಭಕೋಶ ತಗಸಿದ್ರು, ಭಾಳ ಕುಗ್ಗಿದ್ದೆ. ಆಫೀಸಿನ ಗೆಳತಿ ಒಬ್ಬಾಕಿ ಹೆಣ್ಮಕ್ಕಳಷ್ಟ ಕೂಡೋ ಪೇಗನ್ (ಕ್ರೈಸ್ತ ಧರ್ಮಕ್ಕಿಂತ ಹಿಂದಿನ ದೇವರನ್ನ ಪೂಜಿಸೋರ) ಸರ್ಕಲ್‌ಗೆ ಕರಕೊಂಡು ಹೋದ್ಲು, ಡಯಾನಿಕ್ ವಿಕ್ಕಾ ಅಂತಾರ, ದೇವಿ ಪೂಜೆ ಅಷ್ಟ, ಹುಣ್ಣಿಮಿಗೊಮ್ಮೆ 13 ಮಂದಿ ಕೂಡ್ತೀವಿ. ಈಗ ಟ್ರಾನ್ಸ್ ಮಹಿಳೆ ಒಬ್ಬಾಕಿ ನಾನೂ ಬರ್ತೀನಿ ಅಂತ ಕೇಳ್ಯಾಳ. ನಮ್ಮ ಹಿರೇ ಹೆಣ್ಮಗಳು, 70 ದಾಟ್ಯಾವ, ಆಕಿ ಬಂದ್ರ ನಾ ಬರಂಗಿಲ್ಲ ಅಂತಾರ. 6 ಮಂದಿ ಹೂಂ, 6 ಮಂದಿ ಉಹೂಂ, ನಂದೊಂದ ವೋಟು ಉಳದೈತಿ. ಆಪರೇಷನ್ ಆದಾಗ ದಿನಾ ಸೂಪ್ ತಂದುಕೊಟ್ಟಾಕಿ ಆ ಹಿರೇಮನಷಿನ. ಆರಾಮಿಲ್ಲ ಅಂತ ಹೇಳಿ ಅವತ್ತು ಮನ್ಯಾಗ ಇದ್ದುಬಿಡ್ಲೇನ್ರಿ? ಎಲ್ಲಮ್ಮನ ಗುಡ್ಡದಾಗ ಜೋಗಪ್ಪಗಳನ್ನ ನೋಡಿ ಬೆಳದಾಕಿ ನಾನು, ಇದೇನು ಇಷ್ಟು ದೊಡ್ಡದು ಅಂತಾನೂ ಅನಸ್ತೈತಿ.

ಉತ್ತರ: ನೀವು ಮನೇಲಿ ಕೂತ್ರೆ ಆರಕ್ಕೆ ಆರು, ಅಂದ್ರೆ ಇದ್ದದ್ದು ಇದ್ದ ಹಾಗೇ, ಆಕೆ ಹೊರಗೇ. ಅದೂ ವೋಟೇ ತಂಗಿ, ಹೆಸರು ಹಾಕದೆ ಹಾಕಿದ ವೋಟು ಅಷ್ಟೇ. ಹೋಗಿ.

ನಿಮ್ಮ ಹಿರಿಯಾಕೆ ಮೇಲೆ ನನಗೆ ಸಿಟ್ಟಿಲ್ಲ. ಝೀ ಬುಡಾಪೆಸ್ಟ್ 1971ರಲ್ಲಿ ಲಾಸ್ ಏಂಜಲೀಸಲ್ಲಿ ಹೆಂಗಸರದ್ದೇ ಒಂದು ಗುಂಪು ಕಟ್ಟಿ ಈ ಪಂಥ ಶುರು ಮಾಡಿದಾಗ ಗಂಡಸು ಇಲ್ಲದ ಪೂಜೆ ಅನ್ನೋದೇ ಜನಕ್ಕೆ ವಿಚಿತ್ರ, 1975ರಲ್ಲಿ ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳಿದ್ರು ಅಂತ ಮಫ್ತಿಯಲ್ಲಿ ಬಂದ ಲೇಡಿ ಪೊಲೀಸು ಆಕೆಯನ್ನ ಸಿಕ್ಕಿಹಾಕಿಸಿದ್ದೂ ಆಯ್ತು. ಅಂಥ ಕಾಲ ನೋಡಿದವರಿಗೆ ಬಾಗಿಲು ಅಂದ್ರೆ ಭದ್ರತೆ, ಯಾರೋ ಬಂದು ತೆಗೀರಿ ಅಂದ್ರೆ ಎದೆ ಧಸಕ್ ಅನ್ನುತ್ತೆ, ನಿಜ.

ಆದ್ರೆ ಬಾಗಿಲಾಚೆ ನಿಂತವಳಿಗೆ ಏನಾಗುತ್ತೆ ಅನ್ನೋದೂ ನಿಮ್ಮೂರಲ್ಲೇ ಗೊತ್ತಾಗಿದೆ. 2011ರಲ್ಲಿ ಸ್ಯಾನ್ ಹೋಸೆಯ ಹೋಟೆಲ್ಲಲ್ಲಿ ನಡೆದ ಪ್ಯಾಂಥಿಯಾಕಾನ್ ಅನ್ನೋ ಪೇಗನ್ ಸಮಾವೇಶದಲ್ಲಿ ಲಿಲಿತ್ ದೇವಿಯ ಪೂಜೆ ಇತ್ತು, ಟ್ರಾನ್ಸ್ ಮಹಿಳೆಯರಿಗೆ ಪ್ರವೇಶ ಇಲ್ಲ ಅಂತ ಕಾರ್ಯಕ್ರಮಪಟ್ಟಿಯಲ್ಲಿ ಎಲ್ಲೂ ಹಾಕಿರಲಿಲ್ಲ, ಬಂದವರನ್ನ ಬಾಗಿಲಲ್ಲಿ ವಾಪಸ್ ಕಳಿಸಿದ್ರು. ಎಲ್ಲರೆದುರಿಗೆ! ಮರುವರ್ಷ ಬುಡಾಪೆಸ್ಟ್ ತಮ್ಮ ಪೂಜೆಗೆ ಹುಟ್ಟಿನಿಂದ ಹೆಣ್ಣಾದವರು ಮಾತ್ರ ಅಂತ ಮೊದಲೇ ಹೇಳಿದ್ರು, ಅದಕ್ಕೆ ಥಾರ್ನ್ ಕಾಯ್ಲ್ ಅನ್ನೋ ಪೇಗನ್ ಬರಹಗಾರರು ಮತ್ತೆ ಒಂದಷ್ಟು ಜನ ಹೊರಗೆ ಮೌನವಾಗಿ ಕೂತು ಪ್ರತಿಭಟನೆ ಮಾಡಿದ್ರು. ಜಗಳ ನಿಲ್ಲಲಿಲ್ಲ, ಆದ್ರೆ ಬಾಗಿಲ ತನಕ ಬಂದು ಮುಖ ಸಣ್ಣ ಮಾಡ್ಕೊಂಡು ಹೋಗೋದಾದ್ರೂ ತಪ್ತು.

ಈಗ ನಿಮ್ಮ ಮಾತಿಗೆ ಬರ್ತೀನಿ. ರಕ್ತ, ಗರ್ಭ, ಹೆರಿಗೆ ಇವೇ ನಮ್ಮ ರಹಸ್ಯ ಅಂತ ಡಯಾನಿಕ್ ಪಂಥದಲ್ಲಿ ಹೇಳ್ತಾರಲ್ಲ, ಗರ್ಭಕೋಶಾನೇ ಅಳತೆ ಆಗಿದ್ರೆ ಮೂರು ವರ್ಷದ ಹಿಂದೆ ನಿಮ್ಮನ್ನ ಯಾಕೆ ಒಳಗೆ ಕರೆದ್ರು? ಹುಟ್ಟಿನಿಂದ ನೀವು ಹೆಣ್ಣು, ಅದು ಬೇರೆ ಅಂತ ಹಿರಿಯಾಕೆ ಹೇಳ್ತಾರೆ, ಹೇಳ್ಲಿ, ಅದಕ್ಕೂ ಒಂದು ತರ್ಕ ಇದೆ. ಆದ್ರೆ ಅವತ್ತು ನಿಮ್ಮನ್ನ ಉಳಿಸಿದ್ದು ಸರ್ಟಿಫಿಕೇಟ್ ಅಲ್ಲ, ಸೂಪು. ನನ್ನ ಕೇಳಿದ್ರೆ ಹೂಂ ಅಂತ ವೋಟು ಹಾಕಿ. ಮುಟ್ಟು ನಿಂತದ್ದು, ಹೆರಿಗೆಯ ನೋವು ಇಂಥ ವಿಷಯಕ್ಕೆ ಅದನ್ನ ಅನುಭವಿಸಿದವರು ನಾಲ್ಕೈದು ಜನ ಬೇರೆ ದಿನ ಕೂತ್ಕೊಳ್ಳಲಿ ಬಿಡಿ, ಅದು ತಪ್ಪು ಅಂತ ನನಗೆ ಅನ್ಸಲ್ಲ, ಹುಣ್ಣಿಮೆ ಮಾತ್ರ ಎಲ್ಲರದ್ದಾಗ್ಲಿ.

ಜೋಗಪ್ಪಗಳ ವಿಷಯ ಅಲ್ಲಿ ಎತ್ತಬೇಡಿ. ಮುತ್ತು ಕಟ್ಟಿಸ್ಕೊಂಡು ಕೊಡ ಹೊತ್ತು ಬಂದ ಜೋಗಪ್ಪಂಗೆ ಕೈ ಮುಗಿದ ಕೈಯೇ ಬಾಡಿಗೆ ಮನೆ ಕೇಳಿದಾಗ ಬಾಗಿಲು ಹಾಕಿದ್ದನ್ನ ನೀವೂ ನೋಡಿರ್ತೀರಿ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆಗೋಕೆ 2019 ಬರಬೇಕಾಯ್ತು. ನಮ್ಮಲ್ಲಿ ಎಲ್ಲಾ ಸರಿ ಇದೆ ಅನ್ನೋ ಹಾಗೆ ಕ್ಯಾಲಿಫೋರ್ನಿಯಾದಲ್ಲಿ ಭಾಷಣ ಮಾಡಿದ್ರೆ ಆ ಎಲ್ಲಮ್ಮಾನೇ ನಕ್ಕಾಳು. (ಸರ್ಕಲ್ ಅಂದ ತಕ್ಷಣ ಬಸ್‌ಸ್ಟಾಪ್ ಹುಡುಕೋ ಊರಿನವಳು ನಾನು, ಇಷ್ಟು ತಿಳ್ಕೊಳ್ಳೋಕೇ ಎರಡು ದಿನ ಹಿಡೀತು ನೋಡಿ.)

ವೋಟಿಗೆ ಮೊದಲು ಒಂದು ಸಂಜೆ ಹಿರಿಯಾಕೆ ಮನೆಗೆ ಒಬ್ಬರೇ ಹೋಗಿ. ಈ ಸಲ ನೀವು ಏನಾದ್ರೂ ಬಿಸಿಬಿಸಿ ಮಾಡ್ಕೊಂಡು ಹೋಗಿ, ಕಟ್ಟಿನ ಸಾರಾದ್ರೂ ಸರಿ. ನಾನು ಹೂಂ ಅಂತೀನಿ, ಮುಖ ನೋಡಿ ಹೇಳೋಣ ಅಂತ ಬಂದೆ ಅನ್ನಿ, ವಾದಕ್ಕೆ ನಿಲ್ಲಬೇಡಿ. ಅವರು ಸರ್ಕಲ್ ಬಿಟ್ರೂ ಬಿಡಬಹುದು. ಆಮೇಲೂ ವಾರಕ್ಕೊಂದ್ಸಲ ಹೋಗ್ತಾ ಇರಿ, 70 ದಾಟಿದವರಿಗೆ ಹುಣ್ಣಿಮೆ ಬಿಟ್ಟು ಉಳಿದ ದಿನಗಳೂ ಇರ್ತಾವಲ್ಲ.

ಇನ್ನು ಆ ಹುಡುಗಿಗೆ, ನೀವು ವಯಸ್ಸು ಬರೆದಿಲ್ಲ, ಹುಡುಗಿ ಅಂದ್ಕೊಂಡೆ, ವೋಟು ಯಾವ ಕಡೆ ಬಿದ್ರೂ ಅದೇ ರಾತ್ರಿ ನೀವೇ ಫೋನ್ ಮಾಡಿ ಹೇಳಿ. ವಾಟ್ಸಾಪ್ ಮೆಸೇಜ್ ಬೇಡ.