ಸ್ಟೂಲಿಗೆ ಕಾಲಂ ಇರಲಿಲ್ಲ: ಒಬ್ಬ ಮಿಸ್ಟರಿ ಶಾಪರ್‌ನ ಪ್ರಕರಣ

ಆಪ್ತಸಲಹೆಗಾಗಿ ನನ್ನ ಬಳಿ ಬಂದ ಮಹಿಳೆಯೊಬ್ಬರ ಪ್ರಕರಣವಿದು; ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಆಕೆಯನ್ನು ವಸುಧಾ ಎಂದು ಕರೆಯೋಣ, ಊರು ಮೈಸೂರು ಎಂದಿಟ್ಟುಕೊಳ್ಳೋಣ. ವಯಸ್ಸು ನಲವತ್ತರ ಆಸುಪಾಸು, ಓದಿದ್ದು ಬಿ.ಕಾಂ. ಮಗ ಕಾಲೇಜು ಸೇರಿದ ಮೇಲೆ ಪರಿಚಿತರೊಬ್ಬರ ಮೂಲಕ ಮಿಸ್ಟರಿ ಶಾಪಿಂಗ್ ಕೆಲಸ ಹಿಡಿದರು.

ಈ ಕೆಲಸದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ತನ್ನ ಅಂಗಡಿಗಳಲ್ಲಿ ಗ್ರಾಹಕರನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯಲು ಕಂಪನಿಯೊಂದು ಏಜೆನ್ಸಿಯನ್ನು ನೇಮಿಸುತ್ತದೆ. ಏಜೆನ್ಸಿ ವಸುಧಾ ಅವರಂಥವರನ್ನು ಸಾಮಾನ್ಯ ಗ್ರಾಹಕರಂತೆ ಒಳಗೆ ಕಳಿಸುತ್ತದೆ. ಎಷ್ಟು ಹೊತ್ತಿಗೆ ಮಾತನಾಡಿಸಿದರು, ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಯಾವ ಹೆಸರಿತ್ತು, ಕೇಳದೆಯೇ ಬಿಲ್ ಕೊಟ್ಟರೇ, ಪೆಟ್ರೋಲ್ ಬಂಕ್ ಆದರೆ ‘ಸೊನ್ನೆ ನೋಡಿ’ ಎಂದು ಮೀಟರ್ ತೋರಿಸಿದರೇ ಎಂಬುದನ್ನೆಲ್ಲ ನೆನಪಿಟ್ಟುಕೊಂಡು, ಹೊರಬಂದು ಫಾರಂ ತುಂಬಬೇಕು. ಬಿಲ್ಲಿನ ಫೋಟೊ ಲಗತ್ತಿಸಬೇಕು. ಒಂದು ಭೇಟಿಗೆ ಸಿಗುವುದು ಕೆಲವು ನೂರು ರೂಪಾಯಿ, ಅದೂ ಕೈಗೆ ಬರಲು ತಿಂಗಳು ಹಿಡಿಯುತ್ತದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಈ ಹೆಸರು ಪಡೆದ ಪದ್ಧತಿ ಇದು. ಅಂಗಡಿ, ಬ್ಯಾಂಕುಗಳ ನೌಕರರು ಹಣ ಕದಿಯುತ್ತಾರೆಯೇ ಎಂದು ಗುಟ್ಟಾಗಿ ಪತ್ತೆ ಹಚ್ಚುವುದು ಆರಂಭದ ಉದ್ದೇಶವಾಗಿತ್ತು. ಇಂದು ‘ಸೇವೆಯ ಗುಣಮಟ್ಟ’ ಎನ್ನುತ್ತಾರೆ. ಆದರೂ ನೌಕರನನ್ನು ಅನುಮಾನದಿಂದಲೇ ನೋಡುವ ಹಳೆಯ ಚಾಳಿ ಈ ಫಾರಂಗಳಲ್ಲಿ ಇನ್ನೂ ಉಳಿದಿದೆ ಎಂಬುದು ನನ್ನ ಅಭಿಪ್ರಾಯ.

ಕೆಲಸದ ಹೆಸರು ಕೇಳಿದ ಕೂಡಲೇ ನಾನು ಮೊದಲು ವಿಚಾರಿಸಿದ್ದು, ನಿಮ್ಮಿಂದ ಯಾರಾದರೂ ಹಣ ಕಟ್ಟಿಸಿಕೊಂಡರೇ ಎಂದು. ಈ ಹೆಸರಿನಲ್ಲಿ ನೋಂದಣಿ ಶುಲ್ಕ, ಠೇವಣಿ ಎಂದು ವಸೂಲಿ ಮಾಡುವ ವಂಚಕರಿದ್ದಾರೆ. ನಿಜವಾದ ಏಜೆನ್ಸಿ ಶಾಪರ್‌ನಿಂದ ಹಾಗೆ ಹಣ ಕಟ್ಟಿಸಿಕೊಳ್ಳುವುದಿಲ್ಲ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಸುಧಾ ಅವರಿಗೆ ಅಂಥ ಮೋಸವೇನೂ ಆಗಿರಲಿಲ್ಲ. ಅವರು ಕಳೆದುಕೊಂಡಿದ್ದು ನಿದ್ದೆ.

ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು. ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಹೆದರಿಸಿದ್ದು ಇನ್ನೊಂದು. “ಮನೆಯಲ್ಲೂ ಅದೇ ಆಗಿದೆ ಮೇಡಂ. ನಮ್ಮ ಮನೆಯವರು ಒಳಗೆ ಬಂದರೆ, ನನ್ನ ಮುಖ ನೋಡಿ ಮಾತನಾಡಲು ಎಷ್ಟು ಹೊತ್ತು ತೆಗೆದುಕೊಂಡರು ಎಂದು ಮನಸ್ಸು ಎಣಿಸುತ್ತದೆ. ಅತ್ತೆ ಕಾಫಿ ಕೊಟ್ಟರೆ ನಕ್ಕು ಕೊಟ್ಟರೋ ಇಲ್ಲವೋ ಎಂದು ನೋಡುತ್ತೇನೆ.” ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ, ಬಾಯಿ ಬಿಡುವಂತಿಲ್ಲ ಎಂಬುದು ಅವರ ನಂಬಿಕೆ.

ಇದಕ್ಕೆಲ್ಲ ಕಾರಣವಾದ ಘಟನೆಯನ್ನು ಬಿಡಿಸಿ ಹೇಳಲು ಅವರಿಗೆ ಸಾಕಷ್ಟು ಸಮಯ ಬೇಕಾಯಿತು.

ಒಂದು ಬಟ್ಟೆ ಅಂಗಡಿ. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಚೂಡಿದಾರ್ ವಿಭಾಗದ ಹುಡುಗಿ ಕೌಂಟರಿನ ಹಿಂದೆ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು. ವಸುಧಾ ಅವರನ್ನು ಕಂಡೊಡನೆ ಎದ್ದು ನಿಂತಳು. ಬಟ್ಟೆಗಳನ್ನು ಬೇಸರವಿಲ್ಲದೆ ಬಿಡಿಸಿ ತೋರಿಸಿದಳು. ನಡುವೆ, “ಆಂಟಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಕೂತುಕೊಂಡು ನೋಡಿ” ಎಂದು ಒಳಗಿನಿಂದ ಸ್ಟೂಲ್ ಎಳೆದು ತಂದು ಹಾಕಿದಳು. ವಸುಧಾ ಅದರ ಮೇಲೆ ಕುಳಿತೇ ಬಟ್ಟೆ ಆರಿಸಿದರು.

ಫಾರಂನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಗ್ರಾಹಕರು ಒಳಬಂದಾಗ ಸಿಬ್ಬಂದಿ ನಿಂತಿದ್ದರೇ? ಅವರು ‘ಇಲ್ಲ’ ಎಂದು ಗುರುತು ಹಾಕಿದರು. ಅದು ಸತ್ಯ. ವರದಿ ಪರಿಶೀಲಿಸುವವರು ಅದನ್ನು ಹಿಂದಕ್ಕೆ ಕಳಿಸಿ, ಹೇಗೆ ಕುಳಿತಿದ್ದರು, ವಿವರವಾಗಿ ಬರೆಯಿರಿ ಎಂದರು. ವರದಿ ತಿರಸ್ಕಾರವಾದರೆ ಹಣ ಬರುವುದಿಲ್ಲ. ವಸುಧಾ ‘ಕಾಲು ಚಾಚಿಕೊಂಡು ಕುಳಿತಿದ್ದರು’ ಎಂದು ಬರೆದರು. ಬ್ಯಾಡ್ಜಿನ ಹೆಸರು ಮೊದಲೇ ಬರೆದಾಗಿತ್ತು. ಸ್ಟೂಲಿನ ವಿಷಯ ಬರೆಯಲು ಫಾರಂನಲ್ಲಿ ಕಾಲಂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಸ್ವಂತ ಖರೀದಿಗೆ ಅಲ್ಲಿಗೆ ಹೋದಾಗ ಆ ಹುಡುಗಿಯನ್ನು ವಿಚಾರಿಸಿದರು. “ಅವಳು ಈಗಿಲ್ಲ ಆಂಟಿ. ಯಾರೋ ಗಿರಾಕಿ ತರಹ ಬಂದು ಬರೆದುಕೊಟ್ಟರಂತೆ, ತೆಗೆದುಬಿಟ್ಟರು” ಎಂದಳು ಜೊತೆಯವಳು.

ನನ್ನ ಮುಂದೆ ಎರಡು ಸುಲಭ ದಾರಿಗಳಿದ್ದವು. ನಿಮ್ಮದೇನೂ ತಪ್ಪಿಲ್ಲ, ನಿಮ್ಮ ಕೆಲಸ ನೀವು ಮಾಡಿದಿರಿ ಎನ್ನಬಹುದಿತ್ತು. ಅಕ್ಕತಂಗಿಯರು, ಗೆಳತಿಯರು ಹೇಳುವುದು ಅದನ್ನೇ, ಮತ್ತು ಇಂಥವರಿಗೆ ಅದು ನಾಟುವುದೇ ಇಲ್ಲ. ಏಕೆಂದರೆ ಒಳಗೆ ಚುಚ್ಚುತ್ತಿರುವ ಚೂರೊಂದು ನಿಜವಾಗಿಯೂ ಅಲ್ಲಿದೆ. ಇಲ್ಲವೇ, ಆ ಕೆಲಸ ಬಿಟ್ಟುಬಿಡಿ ಎನ್ನಬಹುದಿತ್ತು. ಬಿಟ್ಟರೂ ಮೂರು ಗಂಟೆಯ ಎಚ್ಚರ ಬಿಡುವುದಿಲ್ಲ. ಆದ್ದರಿಂದ ಹೊಣೆಯನ್ನು ಅಳೆದು ನೋಡೋಣ ಎಂದೆ. ಹಾಳೆಯ ಮೇಲೆ ಒಂದು ವೃತ್ತ ಬರೆಸಿ, ಆ ಹುಡುಗಿ ಕೆಲಸ ಕಳೆದುಕೊಳ್ಳುವುದರಲ್ಲಿ ಪಾಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹೇಳಿಸಿ, ಅವರವರ ಹೊಣೆಯಷ್ಟು ಹೋಳನ್ನು ವೃತ್ತದಲ್ಲಿ ಕೊಡಿಸಿದೆ. ನಿಯಮ ಒಂದೇ: ತಮ್ಮ ಹೆಸರನ್ನು ಕೊನೆಗೆ ಬರೆಯಬೇಕು. ಇಲ್ಲದಿದ್ದರೆ ತಪ್ಪಿತಸ್ಥ ಭಾವನೆಯಲ್ಲಿರುವವರು ಇಡೀ ವೃತ್ತವನ್ನು ತಮಗೇ ತುಂಬಿಕೊಳ್ಳುತ್ತಾರೆ.

ಒಂದು ವರದಿ ನೋಡಿ ವಿಚಾರಣೆಯೂ ಇಲ್ಲದೆ ತೆಗೆದುಹಾಕಿದ ಮ್ಯಾನೇಜರ್ ವೃತ್ತದೊಳಗೆ ಬಂದರು. ಸಿಬ್ಬಂದಿಗೆ ಕೂರುವ ಜಾಗ ಕೊಡದ ಮಾಲೀಕರು ಬಂದರು. ಕುಳಿತವರನ್ನು ಎಣಿಸುವ ಪ್ರಶ್ನೆ ಬರೆದವರು, ಹೆಸರಿನ ಸಮೇತ ವರದಿ ಕೊಟ್ಟ ಏಜೆನ್ಸಿ, ಹಿಂದಕ್ಕೆ ಕಳಿಸಿದ ಪರಿಶೀಲಕರು ಬಂದರು. ಇಲ್ಲಿ ವಸುಧಾ, “ಅಂಗಡಿಯಲ್ಲಿ ನಿಂತೇ ಇರಬೇಕು ಎಂಬುದು ಎಲ್ಲ ಕಡೆ ಇರುವ ನಿಯಮವಲ್ಲವೇ?” ಎಂದರು. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿಯೇ ವರ್ಷಗಟ್ಟಲೆ ಹೋರಾಡಿದ್ದನ್ನು, 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಆಸನ ಕಡ್ಡಾಯ ಮಾಡಿದ್ದನ್ನು, 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿದ್ದನ್ನು ಹೇಳಿದೆ. ಆಪ್ತಸಲಹೆಯ ಕೋಣೆಯಲ್ಲಿ ಕಾನೂನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ಒಬ್ಬ ಹೆಂಗಸಿನ ನಿದ್ದೆಗೆಡಿಸಿರುವ ವಿಷಯ ಎರಡು ರಾಜ್ಯಗಳ ವಿಧಾನಸಭೆಗಳಲ್ಲಿ ಚರ್ಚೆಯಾಗಿದೆ ಎಂದು ತಿಳಿದರೆ, ಅದು ಆಕೆಯೊಬ್ಬಳ ದೌರ್ಬಲ್ಯವಾಗಿ ಉಳಿಯುವುದಿಲ್ಲ. ಅದಕ್ಕಾಗಿ ಹೇಳಿದೆ.

ಕೊನೆಗೆ ತಮ್ಮ ಹೆಸರು ಬರೆಯುವಾಗ ವೃತ್ತದಲ್ಲಿ ಉಳಿದಿದ್ದು ಸಣ್ಣದೊಂದು ಹೋಳು. ಅದರಲ್ಲಿ ಏನಿದೆ ಎಂದು ಕೇಳಿದೆ. ‘ಇಲ್ಲ’ ಎಂದು ಗುರುತು ಹಾಕಿದ್ದಲ್ಲ ಎಂದರು. ತುಸು ಯೋಚಿಸಿ, “ಉಜ್ಜಿಕೊಳ್ಳುತ್ತಿದ್ದಳು ಮೇಡಂ, ಚಾಚಿರಲಿಲ್ಲ. ನೋವಿತ್ತು ಎಂದು ನನಗೆ ಕಂಡಿತ್ತು” ಎಂದರು. ಅತ್ತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅಷ್ಟು ಪಾಲು ಅವರದೇ. ಅದನ್ನು ಅವರಿಂದ ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ, ಅದಕ್ಕಿಂತ ಹೆಚ್ಚು ಹೊರಲು ಬಿಡುವುದೂ ಸರಿಯಲ್ಲ.

ಹುಡುಗಿಯನ್ನು ಹುಡುಕಿ ಕ್ಷಮೆ ಕೇಳಬೇಕೆಂಬುದು ಅವರ ಹಂಬಲ. ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಕೆಲಸ ಕಳೆದುಕೊಂಡವಳ ಮನೆಬಾಗಿಲಿಗೆ ಅಪರಿಚಿತೆಯೊಬ್ಬಳು ಹೋಗಿ ಅತ್ತರೆ ಹಗುರಾಗುವುದು ಹೋದವರ ಎದೆ. ಆ ಹುಡುಗಿ ಸಮಾಧಾನ ಹೇಳುವ ಕೆಲಸವನ್ನೂ ಹೊರಬೇಕಾಗುತ್ತದೆ. ಮಾಡಬಹುದಾದದ್ದು ಬೇರೆ ಇತ್ತು. ಏಜೆನ್ಸಿಗೆ ಲಿಖಿತವಾಗಿ ಮೂರು ವಿಷಯ ತಿಳಿಸಲು ಹೇಳಿದೆ: ತಮ್ಮ ವರದಿಯಲ್ಲಿ ‘ಚಾಚಿಕೊಂಡು’ ಎಂದದ್ದು ನಿಖರವಲ್ಲ, ನೋವಿನಿಂದ ಕಾಲು ಉಜ್ಜಿಕೊಳ್ಳುತ್ತಿದ್ದಳು ಎಂದು ತಿದ್ದಬೇಕು; ಸ್ಟೂಲ್ ತಂದುಕೊಟ್ಟದ್ದನ್ನು ಸೇರಿಸಬೇಕು; ಇಂಥ ತಪಾಸಣೆ ನಡೆಯಬಹುದೆಂದು ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು ಎನ್ನುವ ಎಸೋಮಾರ್ ಎಂಬ ಅಂತರರಾಷ್ಟ್ರೀಯ ಮಾರುಕಟ್ಟೆ ಸಂಶೋಧನಾ ಸಂಸ್ಥೆಯ ಮಾರ್ಗಸೂಚಿಯನ್ನು ಅಂಗಡಿಯ ಕಂಪನಿ ಪಾಲಿಸುತ್ತಿದೆಯೇ ಎಂದು ಕೇಳಬೇಕು.

ಗಂಡನಿಗೆ ಹೇಳಿಕೊಳ್ಳುವುದಕ್ಕೂ ಕರಾರು ಅಡ್ಡಿಯಿರಲಿಲ್ಲ. ಅಂಗಡಿಯ ಹೆಸರು ಹೇಳಬಾರದು, ಅಷ್ಟೆ. ಮನಸ್ಸು ನೊಂದಿದೆ ಎನ್ನಲು ಯಾವ ಕಂಪನಿಯ ಅನುಮತಿಯೂ ಬೇಡ. ಅಂದು ರಾತ್ರಿಯೇ ಹೇಳಿದರಂತೆ. ಗಂಡ ಎದ್ದು ಹೋಗಿ ನೀರು ತಂದುಕೊಟ್ಟರಂತೆ, ವಸುಧಾ ಸೆಕೆಂಡು ಎಣಿಸಲಿಲ್ಲವಂತೆ.

ಎಣಿಸುವ ಚಾಳಿಗೆ ಬೇರೆ ಅಭ್ಯಾಸ ಕೊಟ್ಟೆ. ಗಡಿಯಾರ, ಮೊಬೈಲ್ ಮನೆಯಲ್ಲಿಟ್ಟು ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ, ಹೂವು ತರುವುದು. ಚೌಕಾಸಿ ಮಾಡುವುದು. ಲೆಕ್ಕ ತಾನಾಗಿ ಶುರುವಾದರೆ ಅದನ್ನು ಗದರಿಸದೆ, ಮಾರುವವರೊಡನೆ ಒಂದು ಮಾತು ಹೆಚ್ಚು ಆಡುವುದು. ಮೊದಮೊದಲು ಬೆವರುತ್ತ ಮರಳುತ್ತಿದ್ದರು, ನಂತರ ಸಲೀಸಾಯಿತು. ನಿದ್ದೆ ಪೂರ್ತಿ ಕೆಟ್ಟಿದ್ದ ದಿನಗಳಲ್ಲಿ ನಡುರಾತ್ರಿ ಮಾತು ಬೇಕೆನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದ್ದೆ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಇದೇ ಕೆಲಸದಲ್ಲಿರುವ ಬೇರೆಯವರಿಗೂ ಈ ಸಂಖ್ಯೆ ಗೊತ್ತಿರಲಿ.

ಏಜೆನ್ಸಿಯಿಂದ ಬಂದ ಉತ್ತರ ಚಿಕ್ಕದು: ತಿದ್ದುಪಡಿಯನ್ನು ದಾಖಲಿಸಿದ್ದೇವೆ, ಸಲಹೆಯನ್ನು ಕಂಪನಿಗೆ ಕಳಿಸಿದ್ದೇವೆ. ಹುಡುಗಿಯ ಸುದ್ದಿ ತಿಳಿದಿಲ್ಲ. ವಸುಧಾ ಈಗ ಬ್ಯಾಡ್ಜಿನ ಹೆಸರು ಕೇಳುವ ಭೇಟಿಗಳನ್ನು ಒಪ್ಪಿಕೊಳ್ಳುವುದಿಲ್ಲ. ಬೆಲೆಪಟ್ಟಿಯ ತಪಾಸಣೆ, ಪೆಟ್ರೋಲ್ ಬಂಕಿನ ಅಳತೆ ಇಂಥವನ್ನು ಮಾಡುತ್ತಾರೆ, ಸಂಪಾದನೆ ಕಡಿಮೆಯಾಗಿದೆ. ಮುಂದಿನ ಭೇಟಿಯನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಂಡಿದ್ದೇವೆ. ಹಬ್ಬದ ವ್ಯಾಪಾರದ ದಿನಗಳಲ್ಲಿ ಏಜೆನ್ಸಿಯಿಂದ ಒತ್ತಾಯ ಹೆಚ್ಚಿರುತ್ತದೆ, ಬೇಡ ಎನ್ನಲು ಆಗ ಆಗುತ್ತದೆಯೇ ಎಂಬುದನ್ನು ಇಬ್ಬರೂ ನೋಡಬೇಕಿದೆ.