ಇಮ್ಯಾಜಿಕಾಗೆ ಡಾರ್ತ್ ವೇಡರ್ ಥರ ಹೋಗೋದು ಹೇಗೆ?

ಡೊಂಬಿವಲಿಯಿಂದ ಮೇ ತಿಂಗಳಲ್ಲಿ ಖೋಪೋಲಿಯ ಇಮ್ಯಾಜಿಕಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗ್ತಿದ್ದೀವಿ, 'ಸ್ಟಾರ್ ವಾರ್ಸ್' ಸಿನಿಮಾದ ಕಪ್ಪು ವೇಷದ ವಿಲನ್ ಡಾರ್ತ್ ವೇಡರ್ ನೆನಪಾಗಬೇಕು, ಆದರೆ ವೇಷ ಹಾಕಿದ ಹಾಗಿರಬಾರದು ಅಂತ ಕೇಳಿದ್ದೀರಲ್ವಾ? ಹೆಲ್ಮೆಟ್ಟು, ಕೇಪು ಎರಡನ್ನೂ ಮರೆತುಬಿಡಿ. ಕೇಪಿನ ಬದಲು ದುಪಟ್ಟಾ ಅಂದರೆ ಅದೂ ಬೇಡ. ರೈಡಿನಲ್ಲಿ ಜೋತಾಡುವ ಬಟ್ಟೆ ಅಪಾಯ.

ವೇಡರ್ ಗುರುತು ಸಿಗೋದು ಎದೆಯ ಮೇಲಿನ ಪೆಟ್ಟಿಗೆಯಲ್ಲಿ. ತೆಳು ಕಾಟನ್ನಿನ ಕಪ್ಪು ಅಂಗಿ ತಗೊಳ್ಳಿ. ಜೇಬಿನ ಮೇಲೆ ಕೆಂಪು, ನೀಲಿ, ಬೂದು ಗುಂಡಿಗಳನ್ನು ಸಾಲಾಗಿ ಹೊಲಿಯಿರಿ. ಚಪ್ಪಟೆ ಗುಂಡಿಯೇ ಇರಲಿ, ಉಬ್ಬಿದ್ದರೆ ರೋಲರ್ ಕೋಸ್ಟರಿನ ಸೀಟಿನಲ್ಲಿ ಎದೆಗೆ ಒತ್ತುತ್ತೆ. ಕಾಲಿಗೆ ಲೇಸ್ ಕಟ್ಟುವ ಕಪ್ಪು ಶೂ. ಅಲ್ಲಿನ ನೈಟ್ರೋ ರೋಲರ್ ಕೋಸ್ಟರಿನಲ್ಲಿ ಕಾಲಡಿ ನೆಲವೇ ಇರುವುದಿಲ್ಲ, ಚಪ್ಪಲಿ ಹಾರಿಹೋದೀತು!

ಆದರೂ ಮೇ ಬಿಸಿಲಲ್ಲಿ ಮೈತುಂಬ ಕಪ್ಪು ಅಂದರೆ ಕ್ಯೂನಲ್ಲೇ ಬೆಂದು ಹೋಗ್ತೀರಿ. ನನ್ನ ಕೇಳಿದರೆ ಮೊಗ್ಯಾಂಬೋ ವಾಸಿ. 1987ರ 'ಮಿಸ್ಟರ್ ಇಂಡಿಯಾ'ದಲ್ಲಿ ವಿಲನ್ ಮೊಗ್ಯಾಂಬೋ ಆಗಿ ಅಮರೀಶ್ ಪುರಿ ಹಾಕಿದ ಮಿಲಿಟರಿ ಥರದ ಕೋಟು ನೆನಪಿದೆಯಲ್ಲ? ಆ ಸಿನಿಮಾದ ಹೆಸರಿನ ರೈಡೂ ಅಲ್ಲಿದೆ. ತಿಳಿ ಬಣ್ಣದ ಅಂಗಿಯ ಭುಜಕ್ಕೆ ಎರಡು ಸಾಲು ಜರಿ ಲೇಸು ಹೊಲಿದರೆ ಸಾಕು. ಮುಂಬೈನ ದಾದರ್ ಮಾರ್ಕೆಟ್ಟಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಚೌಕಾಸಿ ಮಾಡಿ.